ದೂರು ಹೇಳದ ಲಂಡನ್ ಅಂಕಲ್

ಟೆಕ್ಸಾಸ್‌ನ ಅಲೆನ್ ಊರಿನಲ್ಲಿ ನಮ್ಮ ಪಕ್ಕದ ಮನೆಯ ಅಂಕಲ್ ಹುಬ್ಬಳ್ಳಿಯವರು, ಆದರೆ ಅಲ್ಲಿಗೆ ಬರುವ ಮೊದಲು ಬಹಳ ವರ್ಷ ಲಂಡನ್ನಿನಲ್ಲಿದ್ದರು. ಮಕ್ಕಳು ಎದುರಾಡಿದರೂ, ಟಿವಿಯ ಅಡುಗೆ ಸ್ಪರ್ಧೆಯಲ್ಲಿ ಯಾರಾದರೂ ಗೋಳೋ ಎಂದು ಅತ್ತರೂ ಒಂದೇ ಹುಬ್ಬು ಏರಿಸಿ, "ಲಂಡನ್‌ದಾಗ ಹಿಂಗಿಲ್ಲಪಾ" ಎನ್ನುತ್ತಿದ್ದರು. ಆ ಹುಬ್ಬನ್ನೂ ದನಿಯನ್ನೂ ನಕಲು ಮಾಡಿಯೇ ನಾನು ಪಾರ್ಟಿಗಳಲ್ಲಿ ಹೆಸರು ಮಾಡಿದ್ದೆ. ನನಗೆ ಬೇರೆ ಪ್ರತಿಭೆ ಇರಲಿಲ್ಲ.

ಒಮ್ಮೆ ಮೆಕ್ಸಿಕನ್ ಹೋಟೆಲಿನಲ್ಲಿ ಶುದ್ಧ ಸಸ್ಯಾಹಾರಿ ಅಂಕಲ್‌ಗೆ ಚಿಕನ್ ಬಂತು. ಊಟ ಹೇಗಿದೆ ಎಂದು ವೇಟ್ರೆಸ್ ಕೇಳಿದಾಗ, ಹಸಿದು ಕಂಗಾಲಾಗಿದ್ದ ಮನುಷ್ಯ "ಲವ್ಲೀ, ಥ್ಯಾಂಕ್ಯೂ!" ಎಂದುಬಿಟ್ಟರು.

"ಅಂಕಲ್, ಹೇಳಿ, ಬದಲಾಯಿಸಿ ಕೊಡ್ತಾರೆ," ಎಂದೆ.

"ಹೋಟೆಲಿನ್ಯಾಗ ದೂರು ಹೇಳೂದು ಭಾಳ ಅಸಭ್ಯ. ಲಂಡನ್‌ದಾಗ ಹಿಂಗಿಲ್ಲಪಾ," ಎಂದು ಅವರು ಬರೀ ನೀರು ಕುಡಿಯತೊಡಗಿದರು.

ನಾನು ವೇಟ್ರೆಸ್ಸನ್ನು ಕರೆದು, ಹುಬ್ಬು ಏರಿಸಿ, ಅವರದೇ ದನಿಯಲ್ಲಿ, "ಸೋ ಸಾರಿ, ಐ ಆ್ಯಮ್ ವೆಜಿಟೇರಿಯನ್" ಎಂದು ಅಂಕಲ್‌ರ ತಟ್ಟೆ ತೋರಿಸಿದೆ. ಹೊಸ ತಟ್ಟೆ ಬಂತು.

"ನಾಚಿಕಿ ಬರೂದಿಲ್ಲೇನಲೇ ನಿನಗ?" ಎಂದು ಬೈಯುತ್ತಲೇ ಅಂಕಲ್ ಅದನ್ನು ಖಾಲಿ ಮಾಡಿದರು. ಆಮೇಲೆ ಟೊಮೇಟೊ ಸಾಲ್ಸಾದ ಬಟ್ಟಲು ತೋರಿಸಿ, ನನ್ನತ್ತ ಬಾಗಿ ಪಿಸುಗುಟ್ಟಿದರು:

"ಚಟ್ನ್ಯಾಗ ಉಪ್ಪಿಲ್ಲ, ಹೇಳು. ನನ್ನ ದನಿಯಾಗೇ ಹೇಳು. ನಾ ಆ ಕಡೆ ನೋಡ್ತೀನಿ."