ಒಂದು ಸೊನ್ನೆ ಕಮ್ಮಿ ಹೇಳಿದ ಗಿಟಾರು

ಹೋದ ಭಾನುವಾರ ನನ್ನ ಬಾಯಿಂದ ಒಂದು ವಾಕ್ಯ ಬಿತ್ತು. ಐದೇ ಪದ. ಅಷ್ಟಕ್ಕೇ ನರಸಿಂಹರಾಜಪುರದ ಒಂದು ಮರ್ಯಾದಸ್ಥರ ಮನೆಯ ಹಾಲ್‌ನಲ್ಲಿ ಫ್ಯಾನ್ ತಿರುಗುವ ಶಬ್ದ ಬಿಟ್ಟರೆ ಬೇರೇನೂ ಕೇಳಿಸದಂತಾಯಿತು.

ವಾಕ್ಯ ಯಾವುದೆಂದು ಆಮೇಲೆ ಹೇಳುತ್ತೇನೆ. ಮೊದಲು ಯೋಗೀಶನ ಪರಿಚಯ ಆಗಲಿ.

ಯೋಗೀಶನಿಗೆ ಕೊಪ್ಪದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ಟಿನ ಮೋಟಾರ್ ಬಿಚ್ಚಿ, ಹೊಸ ತಂತಿ ಸುತ್ತಿ ಕೊಡುವುದು ಕೆಲಸ. ವಾರವೆಲ್ಲ ತಾಮ್ರದ ತಂತಿ. ಸಂಜೆ ಕಾರ್ಯಕ್ರಮ ಇದ್ದರೆ ಉಕ್ಕಿನ ತಂತಿ. ಅಂದರೆ, ನಮ್ಮ ಊರಿನ ಆರ್ಕೆಸ್ಟ್ರಾಕ್ಕೆ ಅವನೇ ಗಿಟಾರಿಸ್ಟ್. ನಾನು ಅದೇ ಆರ್ಕೆಸ್ಟ್ರಾದ ನಿರೂಪಕ. (ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನ ಕೈಗೆ ಮೈಕ್ ಸಿಕ್ಕಿದರೆ ಏನಾಗುತ್ತದೆ ಎಂಬುದನ್ನು ಶೃಂಗೇರಿ, ಕಮ್ಮರಡಿ ಕಡೆಯ ಮದುವೆ ರಿಸೆಪ್ಶನ್‌ಗಳಿಗೆ ಬಂದವರು ಬಲ್ಲರು.)

ಯೋಗೀಶನ ಗಿಟಾರಿಗೆ ಹದಿನಾಲ್ಕು ವರ್ಷ. ತೇವ ಕುಡಿದು ಕುಡಿದು ಅದರ ಕತ್ತು ಬಾಗಿತ್ತು. ಮೂರನೇ ಹಾಡಿಗೆ ಸರಿಯಾಗಿ ಶ್ರುತಿ ಬಿಡುತ್ತಿತ್ತು. ಆಗ ಅವನು ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದ. ನಾನು ತಕ್ಷಣ ವಧೂವರರ ಗುಣಗಾನ ಶುರು ಮಾಡುತ್ತಿದ್ದೆ. ಅವನು ಬೆನ್ನು ತಿರುಗಿಸಿ ನಿಂತು ಕಿವಿ ಹಿಂಡುತ್ತಿದ್ದ. (ಗಿಟಾರಿನದು.) ಎಷ್ಟೋ ಮದುಮಕ್ಕಳಿಗೆ ಅವರಲ್ಲಿಲ್ಲದ ಗುಣಗಳೆಲ್ಲ ಬಂದಿರುವುದು ಆ ಗಿಟಾರಿನ ದಯೆಯಿಂದ.

ಒಂದೇ ಒಂದು ಸಲ ಒಳ್ಳೆಯ ಗಿಟಾರ್ ಬಾರಿಸಬೇಕು ಎಂಬುದು ಅವನ ಆಸೆ. ‘ಒಳ್ಳೆಯದು ಅಂದರೆ ಎಷ್ಟಾಗುತ್ತದೆ’ ಎಂದು ನೋಡಲು ಇಬ್ಬರೂ ಬಸ್‌ಸ್ಟ್ಯಾಂಡ್ ಹತ್ತಿರದ ಸೈಬರ್ ಕೆಫೆಗೆ ಹೋದೆವು. ಚಿತ್ರ ಮೇಲಿನಿಂದ ಕೆಳಕ್ಕೆ ಇಳಿಯತೊಡಗಿತು. ಮೊದಲು ತಲೆ ಬಂತು. ಹತ್ತು ನಿಮಿಷಕ್ಕೆ ಕತ್ತು. ಹೊಟ್ಟೆ ಬರುವಷ್ಟರಲ್ಲಿ ಕರೆಂಟ್ ಹೋಯಿತು.

ಮಾರನೇ ದಿನ ಮತ್ತೆ ಹೋದೆವು. ಈ ಸಲ ಬೆಲೆಯೂ ಬಂತು. ಯೋಗೀಶ ಡಾಲರನ್ನು ರೂಪಾಯಿ ಮಾಡಿದ. ತಪ್ಪಾಯಿತೇನೋ ಎಂದು ಇನ್ನೊಮ್ಮೆ ಮಾಡಿದ. ತಪ್ಪಾಗಿರಲಿಲ್ಲ. ಇನ್ನೊಂದು ಪುಟದಲ್ಲಿ ಲೋಕದ ಗಿಟಾರಿಸ್ಟರೆಲ್ಲ ಸೇರಿ, ತಾವು ಮನೆಯಲ್ಲಿ ಹೇಳಿದ ಬೆಲೆ ಎಷ್ಟು, ನಿಜಕ್ಕೂ ಸುರಿದ ದುಡ್ಡು ಎಷ್ಟು ಎಂದು ಬರೆದುಕೊಂಡಿದ್ದರು. ಹೆಚ್ಚಿನವರು ಸುಳ್ಳು ಹೆಸರಿನಲ್ಲಿ! ಕಳ್ಳಬಟ್ಟಿ ಕಾಯಿಸುವವರೂ ಇಷ್ಟು ಅಡಗಿಕೊಳ್ಳುವುದಿಲ್ಲ.

“ಇಂಥ ಹುಚ್ಚರು ನಮ್ಮ ಕಡೆ ಇರ್ಲಿಕ್ಕಿಲ್ಲ ಬಿಡಿ ಮೇಷ್ಟ್ರೆ” ಎಂದ ಯೋಗೀಶ.

ಇದ್ದರು. ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರದಲ್ಲೇ.

ಆ ತಿಂಗಳು ಯೋಗೀಶನಿಗೆ ದವಡೆ ಹಲ್ಲು ನೋವು. ನರಸಿಂಹರಾಜಪುರದ ಹಲ್ಲಿನ ಡಾಕ್ಟರ ಬಳಿ ಹೋದ. ಭಯಕ್ಕೆ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದಿದ್ದ. ಡಾಕ್ಟರ್ ಅವನ ಬಾಯಿ ನೋಡುವುದು ಬಿಟ್ಟು ಎಡಗೈ ಬೆರಳ ತುದಿ ನೋಡಿದರು. ದಡ್ಡುಗಟ್ಟಿದ ನಾಲ್ಕು ಬೆರಳು.

“ಗಿಟಾರಾ?” ಎಂದರು.

ಬಾಯಲ್ಲಿ ಹತ್ತಿ ಇಟ್ಟುಕೊಂಡವನು ತಲೆಯಾಡಿಸಿದ. ಅಷ್ಟೇ! ಡಾಕ್ಟರರ ಅಣೆಕಟ್ಟು ಒಡೆಯಿತು. ನಾಲ್ಕು ವರ್ಷದ ಹಿಂದೆ ಸಿಂಗಾಪುರಕ್ಕೆ ಹಲ್ಲಿನ ವೈದ್ಯರ ಸಮ್ಮೇಳನಕ್ಕೆ ಹೋದವರು ಅಲ್ಲಿಂದ ಹೈ ಎಂಡ್ ಗಿಟಾರ್ ತಂದಿದ್ದರಂತೆ. ಒಂದೂವರೆ ಲಕ್ಷ ಕೊಟ್ಟರಂತೆ. ಯೋಗೀಶ ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಅಂಥ ಶ್ರೋತೃ ಡಾಕ್ಟರಿಗೂ ಅದುವರೆಗೆ ಸಿಕ್ಕಿರಲಿಲ್ಲ.

ಎರಡು ವಾರದ ಮೇಲೆ ಅಂಗಡಿಗೆ ಅವರದೇ ಫೋನ್. ಗಿಟಾರ್ ಕೊಡುತ್ತಾರಂತೆ. ಅರವತ್ತು ಸಾವಿರಕ್ಕೆ!

ಯೋಗೀಶನ ಹತ್ತಿರ ಕೂಡಿಟ್ಟ ನಲವತ್ತು ಸಾವಿರ ಇತ್ತು. ಉಳಿದದ್ದಕ್ಕೆ ಎರಡು ಕಂತು ಕೇಳುವುದೆಂದು ಲೆಕ್ಕ ಹಾಕಿದ. ಮನೆಯಲ್ಲಿ “ಕಾಯಿಲ್ ಸುತ್ತೋ ಮಿಷನ್ ನೋಡ್ಕೊಂಡು ಬರ್ತೀನಿ” ಎಂದು ಹೇಳಿ ಹೊರಟ. ಹೆಂಡತಿಯ ಹೆಸರು ವೀಣಾ. (ಗಿಟಾರಿಸ್ಟನ ಹೆಂಡತಿಗೆ ಆ ಹೆಸರು ನಾನು ಇಟ್ಟದ್ದಲ್ಲ, ಅವರ ಅಪ್ಪ ಇಟ್ಟದ್ದು.) ಚೌಕಾಸಿಗೆ ಮಾತುಗಾರ ಬೇಕಲ್ಲ, ನನ್ನನ್ನೂ ಕರೆದುಕೊಂಡ. ಬಸ್ಸು ತುಂಬಿತ್ತು. ಅವನಿಗೆ ಹಿಂದೆ ಸೀಟು, ನನಗೆ ಡ್ರೈವರ್ ಪಕ್ಕ. ಡಾಕ್ಟರ್ ಫೋನಿನಲ್ಲಿ ಕೊನೆಗೆ ಹೇಳಿದ ಒಂದು ಮುಖ್ಯ ಮಾತನ್ನು ನನಗೆ ದಾಟಿಸಲು ಅವನಿಗೆ ಆಗಲೇ ಇಲ್ಲ. ಮಾತು ಇಷ್ಟೇ: “ಮನೇಲಿ ರೇಟಿನ ವಿಷಯ ಮಾತ್ರ ಎತ್ತಬೇಡಿ.”

ಡಾಕ್ಟರ್ ತಮ್ಮ ಮನೆಯ ಹಾಲ್‌ನಲ್ಲಿ ಪೆಟ್ಟಿಗೆ ತೆರೆದರು. ಒಳಗೆ ಮಖಮಲ್ಲು. ಅದರ ಮೇಲೆ ಜೇನಿನ ಬಣ್ಣದ ಗಿಟಾರ್ ಮಲಗಿತ್ತು. ಯೋಗೀಶ ಮುಟ್ಟಲಿಲ್ಲ. “ಕೈ ತೊಳೀಬೇಕಿತ್ತಲ್ಲ ಸಾರ್” ಎಂದ. ಹಿತ್ತಲಿಗೆ ಹೋಗಿ ಸೋಪು ಹಾಕಿ ಎರಡೆರಡು ಸಲ ತೊಳೆದು ಬಂದ. ವಾರ್ನಿಷ್, ಗ್ರೀಸು ಅಂಟಿದ ಉಗುರಿನ ಸಂದಿ ಆದರೂ ಪೂರ್ತಿ ಬಿಳಿಯಾಗಲಿಲ್ಲ.

ಡಾಕ್ಟರ್ ಗಿಟಾರಿನ ವೈರನ್ನು ಸ್ಪೀಕರಿಗೆ ಸಿಕ್ಕಿಸಿದರು. ಆಮೇಲೆ ಅವನು ಬಾರಿಸಿದ.

ಹತ್ತು ವರ್ಷದಿಂದ ಅವನ ಪಕ್ಕದಲ್ಲಿ ನಿಂತು ಕೇಳಿದವನು ನಾನು. ಅವತ್ತು ಕೇಳಿದ್ದು ಬೇರೆ. ಒಂದು ತಂತಿ ಮೀಟಿದರೆ ಆ ನಾದ ಬಾಗಿಲು ದಾಟಿ ಹೋಗಿ ನಿಧಾನ ಇಳಿಯುತ್ತಿತ್ತು. ಯೋಗೀಶ ಕಣ್ಣು ಮುಚ್ಚಿದ್ದ. ಶ್ರುತಿ ಬಿಟ್ಟೀತೆಂಬ ಭಯವಿಲ್ಲದ ಅವನ ಮುಖವನ್ನು ನಾನು ನೋಡಿದ್ದು ಅದೇ ಮೊದಲು.

ಅಡುಗೆಮನೆಯಿಂದ ಡಾಕ್ಟರರ ಹೆಂಡತಿ ಗಿರಿಜಾ ಮೇಡಂ ಕಾಫಿ ತಂದವರು ಹಾಗೇ ನಿಂತುಬಿಟ್ಟರು. ಅವರು ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್.

“ನಮ್ಮನೇಲಿರೋ ಗಿಟಾರೇನಾ ಇದು? ಇವ್ರು ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಬಾರಿಸೋದು. ನಾನು ಇದ್ರ ಸ್ವರಾನೇ ಕೇಳಿರ್ಲಿಲ್ಲ.”

ನಿರೂಪಕನ ಚಾಳಿ. ಮೌನ ಕಂಡರೆ ತುಂಬಿಸಬೇಕು. ನಾನೆಂದೆ:

“ಒಂದೂವರೆ ಲಕ್ಷದ ಗಿಟಾರ್ ಅಲ್ವಾ ಮೇಡಂ!”

ಐದು ಪದ. ಫ್ಯಾನ್ ಶಬ್ದ ಆಗ ಕೇಳಿದ್ದು.

ಮೇಡಂ ಕಾಫಿ ತಟ್ಟೆಯನ್ನು ಟೀಪಾಯಿ ಮೇಲಿಟ್ಟರು. ಗಂಡನ ಕಡೆ ತಿರುಗಿದರು.

“ಹದಿನೈದು ಸಾವಿರ ಅಂದಿದ್ರಿ.”

“ಅದು... ಒಂದು ಸೊನ್ನೆ...” ಎಂದರು ಡಾಕ್ಟರ್.

“ಎಡಗಡೆ ಸೊನ್ನೆಗೆ ಬೆಲೆ ಇಲ್ಲ ರೀ. ಬಲಗಡೆದಕ್ಕೆ ಉಂಟು. ಎಂಟನೇ ಕ್ಲಾಸಿನ ಮಕ್ಕಳಿಗೂ ಗೊತ್ತು.”

ಇಷ್ಟಕ್ಕೆ ನಿಲ್ಲಬಹುದಿತ್ತು. ಆದರೆ ಯೋಗೀಶ ಒಳ್ಳೆಯವನು. ಡಾಕ್ಟರನ್ನು ಕಾಪಾಡಲು ಹೊರಟ. “ಈಗ ನಂಗೆ ಅರವತ್ತಕ್ಕೇ ಕೊಡ್ತಿದ್ದಾರೆ ಮೇಡಂ!”

“ಅರವತ್ತು ತಗೊಂಡು ಎಂತ ಮಾಡೋರಿದ್ರಿ?” ಮೇಡಂ ಗಂಡನನ್ನು ಕೇಳಿದರು.

ಡಾಕ್ಟರ್ ಅರಿವಳಿಕೆ ಇಲ್ಲದೆ ಹಲ್ಲು ಕೀಳಿಸಿಕೊಳ್ಳುವವರ ಹಾಗೆ ಕೂತಿದ್ದರು. “ಇನ್ನೊಂದು ಗಿಟಾರ್ ನೋಡಿಟ್ಟಿದ್ದೆ. ಇದಕ್ಕಿಂತ ಸ್ವಲ್ಪ... ಒಳ್ಳೇದು.”

ಮೇಡಂ ಸಿಟ್ಟಾಗಲಿಲ್ಲ. ಅದೇ ಹೆದರಿಕೆ ಹುಟ್ಟಿಸಿದ್ದು. ಯೋಗೀಶನ ಮಡಿಲಿಂದ ಗಿಟಾರ್ ತೆಗೆದು ಗಂಡನ ಕೈಗೆ ಕೊಟ್ಟು, “ಒಂದು ಬಾರಿಸಿ, ಕೇಳೋಣ” ಎಂದರು.

ಡಾಕ್ಟರ್ ಬಾರಿಸಿದರು. ಆರು ಸ್ವರ ಬಂತು. ನಿಂತಿತು. ಮತ್ತೆ ಅದೇ ಆರು ಬಂತು. ಏಳನೆಯದು ಬರಲಿಲ್ಲ. ನಾಲ್ಕು ವರ್ಷದ ಗಳಿಕೆ ಆರು ಸ್ವರ. ಒಂದೊಂದಕ್ಕೆ ಇಪ್ಪತ್ತೈದು ಸಾವಿರ ಬಿತ್ತು ಎಂದು ನಾನು ಮನಸ್ಸಿನಲ್ಲೇ ಭಾಗಿಸಿದೆ. ಲೆಕ್ಕದ ಟೀಚರ್ ಅಷ್ಟು ಹೊತ್ತು ತೆಗೆದುಕೊಂಡಿರಲಾರರು.

ಆದರೆ ಮೇಡಂ ನೋಡುತ್ತಿದ್ದದ್ದು ಗಂಡನ ಮುಖ. ಆ ಮನುಷ್ಯನ ಕಣ್ಣಲ್ಲಿ ನೀರಿತ್ತು. “ಕ್ಲಿನಿಕ್ಕಿಂದ ಬರೋದ್ರೊಳಗೆ ಸುಸ್ತು ಗಿರಿಜಾ. ಹೇಳಿಕೊಡೋರೂ ಇಲ್ಲ ಇಲ್ಲಿ. ಒಳ್ಳೇ ಗಿಟಾರ್ ತಗೊಂಡ್ರೆ ಬಂದ್‌ಬಿಡತ್ತೆ ಅಂತ ಅಂದ್ಕೊಂಡೆ.”

ನಗಬೇಡಿ. ಒಳ್ಳೆಯ ಪೆನ್ನು ಕೊಂಡರೆ ಕವಿತೆ ಬರುತ್ತದೆ ಎಂದು ನಾನೂ ನಂಬಿದ್ದೆ. ಹೊಸ ಕುಕ್ಕರ್ ಬಂದರೆ ಅಡುಗೆ, ಟ್ರ್ಯಾಕ್ ಸೂಟ್ ಬಂದರೆ ವಾಕಿಂಗ್. ನಾವು ಕೊಳ್ಳುವುದು ವಸ್ತುವನ್ನೋ, ಅದನ್ನು ಬಳಸಬಲ್ಲ ಇನ್ನೊಬ್ಬ ‘ನಾನು’ವನ್ನೋ?

ಮೇಡಂ ತೀರ್ಪು ಕೊಟ್ಟರು.

“ಯೋಗೀಶ್, ಗಿಟಾರ್ ನಿಮಗೆ. ಹದಿನೈದು ಸಾವಿರ ಕೊಡಿ. ಇವ್ರು ನಂಗೆ ಹೇಳಿದ ಮಾತು ಸುಳ್ಳಾಗೋದು ಬೇಡ.”

“ಅಯ್ಯೋ, ಅನ್ಯಾಯ ಆಗ್ತದೆ ಮೇಡಂ! ನಲವತ್ತು ತಂದಿದ್ದೀನಿ...”

“ಇನ್ನೂ ಮುಗಿದಿಲ್ಲ. ಒಂದು ವರ್ಷ, ಪ್ರತಿ ಭಾನುವಾರ ಬಂದು ಇವರಿಗೆ ಹೇಳಿಕೊಡಬೇಕು. ನಿಮ್ಮ ಹಳೇ ಗಿಟಾರ್ ತನ್ನಿ. ಇವ್ರು ಅದರಲ್ಲೇ ಕಲೀಲಿ. ಹೆಡ್‌ಫೋನ್ ಹಾಕ್ಬಾರದು. ನಾನು ಕೇಳ್ಬೇಕು.”

ಕತ್ತು ಬಾಗಿದ ಆ ಗಿಟಾರ್ ನೆನೆದು ನನಗೆ ಮೇಡಂ ಬಗ್ಗೆಯೇ ಕನಿಕರವಾಯಿತು. ಡಾಕ್ಟರ್ ಮಾತ್ರ ಜೇನು ಬಣ್ಣದ ಗಿಟಾರನ್ನು ತಾವೇ ಒರೆಸಿ, ಮಖಮಲ್ಲಿನ ಮೇಲೆ ಮಲಗಿಸಿ, ಪೆಟ್ಟಿಗೆ ಮುಚ್ಚಿ ಕೊಟ್ಟರು. “ಭಾನುವಾರ ಎಷ್ಟು ಗಂಟೆಗೆ ಬರ್ತೀರಿ?” ಎಂದು ಕೇಳುವಾಗ ಅವರ ದನಿಯಲ್ಲಿ ಹೊಸದಾಗಿ ಶಾಲೆಗೆ ಸೇರಿದವರ ಉಮೇದು ಇತ್ತು.

ವಾಪಸು ಬಸ್ಸಿನಲ್ಲಿ ಕಂಡಕ್ಟರ್, “ಆ ಪೆಟ್ಟಿಗೆ ಮೇಲೆ ಹಾಕಿ ಮಾರಾಯ್ರೆ” ಎಂದ.

“ಬೇಕಾದ್ರೆ ನಾನೇ ಮೇಲೆ ಹತ್ತಿ ಕೂರ್ತೀನಿ ಮಾರಾಯ. ಇದು ಕೆಳಗಿರ್ಲಿ” ಎಂದ ಯೋಗೀಶ. ಕೊಪ್ಪ ಬರುವವರೆಗೂ ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಮನೆ ಬಾಗಿಲಲ್ಲಿ ವೀಣಾ ನಿಂತಿದ್ದರು. ಉದ್ದನೆಯ ಕರಿ ಪೆಟ್ಟಿಗೆಯನ್ನು ಮೇಲಿಂದ ಕೆಳಗೆ ನೋಡಿದರು.

“ಇದೇನಾ ಕಾಯಿಲ್ ಸುತ್ತೋ ಮಿಷನ್ನು?”

“ಇದರಲ್ಲೂ ತಂತಿ ಇದೆ” ಎಂದೆ ನಾನು. ನನ್ನನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಯೋಗೀಶ ಅವತ್ತು ಸುಳ್ಳು ಸಾಕು ಎಂದು ನಿರ್ಧರಿಸಿಬಿಟ್ಟಿದ್ದ. ಎಲ್ಲ ಹೇಳಿದ. ಡಾಕ್ಟರ್, ಸಿಂಗಾಪುರ, ಸೊನ್ನೆ, ಭಾನುವಾರ. ಉಳಿದ ಇಪ್ಪತ್ತೈದು ಸಾವಿರವನ್ನು ಕವರಿನ ಸಮೇತ ಕೈಗಿಟ್ಟ.

ವೀಣಾ ಕವರು ತೆಗೆದುಕೊಂಡರು. ಕತೆ ತೆಗೆದುಕೊಳ್ಳಲಿಲ್ಲ.

“ಒಂದೂವರೆ ಲಕ್ಷದ್ದು ಹದಿನೈದು ಸಾವಿರಕ್ಕೆ? ಯಾರು ಕೊಡ್ತಾರೆ? ನಿಜ ಹೇಳಿ, ಸಾಲ ಎಷ್ಟು ಮಾಡಿದ್ರಿ?”

“ದೇವರಾಣೆ ಕಣೇ!”

“ನಾನೇ ಸಾಕ್ಷಿ” ಎಂದೆ.

“ನೀವು ಸ್ಟೇಜ್ ಮೇಲೆ ಯಾರ್‍ಯಾರನ್ನ ಏನೇನು ಅಂತ ಹೊಗಳ್ತೀರಿ ಅಂತ ಗೊತ್ತಿದೆ ನಂಗೆ” ಎಂದರು. ನನ್ನ ಸಾಕ್ಷಿ ಅಲ್ಲಿಗೆ ಬಿತ್ತು.

ಕೊನೆಗೆ ಡಾಕ್ಟರರ ಮನೆಗೇ ಫೋನ್ ಹೋಯಿತು. ಗಿರಿಜಾ ಮೇಡಂ ಎತ್ತಿದರು. ಒಳಗೆ ವೀಣಾ, ಹೊರಗೆ ಕಟ್ಟೆಯ ಮೇಲೆ ನಾವಿಬ್ಬರು. ಐದು ನಿಮಿಷ ಆಯಿತು. ಹತ್ತಾಯಿತು. “ಹೌದಾ?... ಇವ್ರೂ ಹಾಗೇ!... ಎಷ್ಟಂತೆ?... ಅಯ್ಯಯ್ಯೋ!” ಎಂಬ ಮಾತುಗಳಷ್ಟೇ ಹೊರಗೆ ತೇಲಿ ಬರುತ್ತಿದ್ದವು. ಒಂದು ಹೊತ್ತಿಗೆ ಇಬ್ಬರೂ ನಗುವುದು ಕೇಳಿಸಿತು. ಆ ನಗು ನಮಗೆ ಸಮಾಧಾನ ಕೊಡಲಿಲ್ಲ.

ಅರ್ಧ ಗಂಟೆಗೆ ವೀಣಾ ಹೊರಬಂದರು.

“ಹದಿನೈದು ಸಾವಿರ ಅನ್ನೋದು ನಿಜವಂತೆ.”

ಯೋಗೀಶ ಉಸಿರು ಬಿಟ್ಟ. ನಾನೂ ಎದ್ದು ಚಪ್ಪಲಿ ಹುಡುಕತೊಡಗಿದೆ.

ವೀಣಾ ಬಾಗಿಲಿಗೆ ಒರಗಿ ನಿಂತು, ಬಹಳ ಮೆತ್ತಗೆ ಕೇಳಿದರು: “ಹಾಗಾದ್ರೆ ಇಷ್ಟು ವರ್ಷ ಗಿಟಾರಿನ ಬಾಕಿ ಸಾಮಾನಿಗೆ ನಂಗೆ ಹೇಳಿದ ರೇಟಲ್ಲೆಲ್ಲ ಎಷ್ಟು ಸೊನ್ನೆ ಕಮ್ಮಿ?”