ಪೀಪಿ ಮಾವ ಊದುವುದನ್ನು ಬಿಟ್ಟದ್ದು

ಬ್ಯಾಂಡಿನವರ ಊದುವ ವಾದ್ಯಗಳನ್ನು ರಿಪೇರಿ ಮಾಡುವ ಅವನನ್ನು ಬೀದಿಯವರೆಲ್ಲ ಕರೆಯುವುದು ಪೀಪಿ ಮಾವ ಎಂದು. ಕಸುಬಿನಲ್ಲಿ ಅವನದೊಂದು ಹಟ. ರಿಪೇರಿಗೆ ಬಂದ ಕ್ಲಾರಿನೆಟ್ಟನ್ನು ತೊಳೆಯುವ ಮೊದಲೇ, ಹೇಗಿದೆಯೋ ಹಾಗೇ, ಬಾಯಿಗಿಟ್ಟು ಊದಿ ನೋಡಬೇಕು. ಹೆಂಡತಿ ಮೂಗು ಮುರಿದರೆ, "ತೊಳೆದ್ರೆ ಅದರ ಕಾಯಿಲೆನೇ ಕೊಚ್ಕೊಂಡು ಹೋಗುತ್ತೆ ಕಣೇ. ಆಮೇಲೆ ನಾನೇನು ನೋಡ್ಲಿ?" ಎನ್ನುತ್ತಿದ್ದ.

ಅವನ ಕಾಯಿಲೆಯೇ ಬೇರೆ. ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಕೀಲುಗಳನ್ನು ತಿನ್ನುವ ಸಂಧಿವಾತ. ಆ ಶಕ್ತಿಯನ್ನು ತಗ್ಗಿಸುವ ಮಾತ್ರೆ ನುಂಗುತ್ತಿದ್ದುದರಿಂದಲೇ ಬೆರಳುಗಳು ಹೇಳಿದ ಮಾತು ಕೇಳುತ್ತಿದ್ದವು. ಚಳಿಗಾಲದಲ್ಲೊಮ್ಮೆ ವೈರಸ್ ಜ್ವರ ಬಂದು ಅವನನ್ನು ಹಣ್ಣುಗಾಯಿ ನೀರುಗಾಯಿ ಮಾಡಿ ಹೋಯಿತು. ಎದ್ದು ಕೂತವನೇ, "ಒಂದ್ಸಲ ಬಂದದ್ದು ಮತ್ತೆ ಬರಲ್ಲ, ಪೀಡೆ ತೊಲಗ್ತು" ಎಂದು ಗತ್ತಿನಿಂದ ಹೇಳಿಕೊಂಡು ತಿರುಗಿದ. ಆಮೇಲೆ ಶಾಲೆಯ ಬ್ಯಾಂಡಿನ ಕ್ಲಾರಿನೆಟ್ಟುಗಳು ಬಂದವು. ಮಕ್ಕಳಿಗೆಲ್ಲ ನೆಗಡಿ ಎಂದು ಬ್ಯಾಂಡ್ ಮೇಷ್ಟ್ರು ಹೇಳಿದರೂ ಕೇಳದೆ ಒಂದೊಂದನ್ನೂ ಊದಿದ. ವಾರ ತುಂಬುವುದರೊಳಗೆ ಅದೇ ಜ್ವರ, ಅದೇ ಏದುಸಿರು, ಈ ಸಲ ಆಸ್ಪತ್ರೆಯ ಹಾಸಿಗೆ.

ಡಾಕ್ಟರಮ್ಮ ಸಂಧಿವಾತದ ಮಾತ್ರೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಗುಣವಾದ ಮೇಲೆ ಮತ್ತೆ ಶುರು ಮಾಡಿ ಎಂದು ಕಳಿಸಿದರು. ಅವನು ಶುರು ಮಾಡಲೇ ಇಲ್ಲ. ಮಾತ್ರೆಯಿಂದಲೇ ತಾನೆ ಜ್ವರ ಎರಡನೇ ಸಲ ಬಂದದ್ದು, ಅದರ ಸಹವಾಸವೇ ಬೇಡ ಎಂದು ಯಾರಿಗೂ ಹೇಳದೆ ತೀರ್ಮಾನಿಸಿಬಿಟ್ಟಿದ್ದ. ಕ್ರಮೇಣ ಗೆಣ್ಣುಗಳು ಊದಿಕೊಂಡವು. ಒಂದು ಬೆಳಿಗ್ಗೆ ಚಿಕ್ಕದೊಂದು ತಿರುಪು ಬಿಚ್ಚಲಾರದೆ ಸ್ಕ್ರೂಡ್ರೈವರ್ ಕೈಜಾರಿ ಬಿತ್ತು. ಹೆಂಡತಿ ನೋಡಿಬಿಟ್ಟಳು. ಅವಳು ಬೈಯಲಿಲ್ಲ, ಅದಕ್ಕೇ ಅವನಿಗೆ ಹೆದರಿಕೆಯಾಯಿತು. ಮಾತ್ರೆ ಬಿಟ್ಟದ್ದನ್ನು ಬಾಯಿ ಬಿಡಿಸಿ, ಅವತ್ತೇ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು.

"ಮಾತ್ರೆ ತಗೊಂಡ್ರೆ ಜ್ವರ ಮತ್ತೆ ಬರೋ ಅಪಾಯ ಇದ್ದೇ ಇದೆ," ಎಂದರು ಡಾಕ್ಟರಮ್ಮ, ಅವನ ಗೆಣ್ಣು ಒತ್ತಿ ನೋಡುತ್ತ. "ಬಿಟ್ರೆ ಬೆರಳೇ ಹೋಗುತ್ತೆ. ಲಸಿಕೆ ಹಾಕಿಸ್ಕೊಳ್ಳಿ. ಇನ್ನೊಬ್ಬರ ಬಾಯಿಂದು ನಿಮ್ಮ ಬಾಯಿಗಿಡೋದು ಇವತ್ತಿಗೇ ಬಿಡಿ."

"ಊದ್ದೆ ಹೇಗೆ ಗೊತ್ತಾಗುತ್ತೆ ಮೇಡಂ?"

"ಕಿವಿ ಇದೆಯಲ್ಲ," ಎಂದಳು ಹೆಂಡತಿ.

ಮಾತ್ರೆ ಮತ್ತೆ ಶುರುವಾಯಿತು. ಬೆರಳುಗಳು ನಿಧಾನವಾಗಿ ದಾರಿಗೆ ಬಂದವು. ಬ್ಯಾಂಡ್ ಮೇಷ್ಟ್ರು ಬಂದಾಗ ಅವರನ್ನು ಬಾಗಿಲಾಚೆ ನಿಲ್ಲಿಸಿ, ತಾನು ಮಾಸ್ಕ್ ಹಾಕಿಕೊಂಡು ಒಳಗೆ ದೂರ ಕೂತು, "ನೀವೇ ಊದಿ ಮೇಷ್ಟ್ರೇ" ಎಂದ. ಕಣ್ಣು ಮುಚ್ಚಿ ಕೇಳಿದ. ಇನ್ನೊಮ್ಮೆ ಊದಿಸಿದ. ಗಾಳಿ ಸೋರುವ ಜಾಗ ಸಿಕ್ಕಿತು. ಕ್ಲಾರಿನೆಟ್ಟನ್ನು ಒರೆಸಿ ಸರಿಮಾಡಿ ಕೊಟ್ಟ ಮೇಲೆ ಮೇಷ್ಟ್ರು ಅಲ್ಲೇ ನಿಂತು ಒಂದು ಹಾಡಿನಷ್ಟು ಹೊತ್ತು ನುಡಿಸಿದರು. ನಾದ ಸಿಹಿಯಾಗಿಯೇ ಇತ್ತು. ಅವನಿಗೆ ತಡೆಯಲಾರದಷ್ಟು ಸಂಕಟವಾಯಿತು.

ಅವರು ಹೋದ ಮೇಲೆ ಹೆಂಡತಿ, "ಊದ್ಬೇಕು ಅನ್ಸುತ್ತಾ?" ಎಂದಳು.

"ಅನ್ಸುತ್ತೆ ಕಣೇ, ಹೊಟ್ಟೆ ಉರಿಯುತ್ತೆ. ಆದ್ರೆ ಅದನ್ನ ಊದೋರು ಊರ ತುಂಬ ಇದಾರೆ. ನಿಂಗಿರೋ ಗಂಡ ನಾನೊಬ್ಬನೇ."

"ಅಷ್ಟು ಗೊತ್ತಾಗೋಕೆ ಎರಡು ಸಲ ಜ್ವರ ಬರ್ಬೇಕಾಯ್ತಾ?" ಎಂದಳು. ಅವನ ಬೆರಳುಗಳನ್ನು ಮೆಲ್ಲಗೆ ಹಿಡಿದುಕೊಂಡಳು.