ಪುಸ್ತಕದಲ್ಲಿರುವ ಹಾಗೆ ಐದು ದಿನ

ಬಂದರಿನ ಎದುರು ಒಂದೇ ಕೋಣೆಯ ಪ್ರವಾಸ ಕಚೇರಿ ನಡೆಸುವವಳನ್ನು ಆ ಬೀದಿಯ ಚಾಲಕರೆಲ್ಲ ಗಡಿಯಾರದಕ್ಕ ಎನ್ನುತ್ತಾರೆ. ರಜೆಗೆ ಬಂದವರು ಏನೇನು ನೋಡಬೇಕೆಂದು ಕೇಳಿದರೆ, ಬೆಳಿಗ್ಗೆ ಎಷ್ಟಕ್ಕೆ ಏಳುತ್ತೀರಿ ಎಂದು ಆಕೆ ತಿರುಗಿ ಕೇಳುತ್ತಾಳೆ. ಈ ಸೆಕೆಯ ನಾಡಿನಲ್ಲಿ ಜಾಗಕ್ಕಿಂತ ಹೊತ್ತು ದೊಡ್ಡದು ಎಂಬುದು ಆಕೆಯ ನಿಲುವು. ಗುಡ್ಡದ ತುದಿಯನ್ನು ಒಂಬತ್ತರ ನಂತರ ಮೋಡ ನುಂಗುತ್ತದೆ. ಕೊಳದ ತಾವರೆ ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುತ್ತದೆ. ಮರಳುದಿಬ್ಬಕ್ಕೆ ನಡೆದು ಹೋಗುವ ದಾರಿ ಇಳಿತದಲ್ಲಷ್ಟೇ ನೀರಿನಿಂದ ಮೇಲೇಳುತ್ತದೆ. ಜಲಪಾತ ಬೀಳುವುದು ಮೇಲಿನ ಅಣೆಕಟ್ಟೆಯವರು ಗೇಟು ತೆಗೆದ ದಿನ ಮಾತ್ರ.

ಇದನ್ನೆಲ್ಲ ಆಕೆ ಕಲಿತದ್ದು ದೊಡ್ಡ ಪ್ರವಾಸ ಸಂಸ್ಥೆಯೊಂದರ ಹದಿನಾಲ್ಕು ವರ್ಷಗಳ ಗುಮಾಸ್ತಿಕೆಯಲ್ಲಿ. ಜಾಗಗಳ ವಿವರವನ್ನು ದಪ್ಪ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಹೊತ್ತು ಬದಲಾಗುತ್ತಲೇ ಇರುವುದರಿಂದ ಅದನ್ನು ಮಾತ್ರ ಬಿಡಿ ಚೀಟಿಗಳಲ್ಲಿ ಬರೆದು ಚಾಲಕರ ಕೈಗೆ ಕೊಡುತ್ತಿದ್ದಳು. ಒಂದು ವರ್ಷ ಮ್ಯಾನೇಜರ್ ಓದಿ ಕೊಡುತ್ತೇನೆಂದು ನೋಟುಬುಕ್ಕು ಒಯ್ದ. ಅದು ಮರಳಿದ್ದು ಅಚ್ಚಾದ ಪುಸ್ತಕವಾಗಿ, ಆತನ ಹೆಸರು, ಫೋಟೋ ಸಮೇತ. ಕುರ್ಚಿ ಬಿಟ್ಟೇಳದ ಮನುಷ್ಯ ಹೊತ್ತುಗಳನ್ನು ತಾನೇ ಊಹಿಸಿ ತುಂಬಿದ್ದ. ತಕರಾರು ಎತ್ತಿದ ತಪ್ಪಿಗೆ ಗಡಿಯಾರದಕ್ಕನನ್ನು ಸಾಮಾನು ಕೋಣೆಗೆ ದಬ್ಬಿದ. ಆರು ತಿಂಗಳು ಪರರ ಪೆಟ್ಟಿಗೆಗಳಿಗೆ ಚೀಟಿ ಅಂಟಿಸಿ, ಆಕೆ ಕೆಲಸ ಬಿಟ್ಟಳು.

"ಶಾಪ ಹಾಕ್ಲಿಲ್ಲ," ಎಂದಳು, ಈ ಕತೆಯನ್ನು ನನಗೆ ಹೇಳುತ್ತಾ. "ಹಾಕಿದ್ರೆ ಹೊಟ್ಟೆ ತಣ್ಣಗಾಗಿಬಿಡುತ್ತೆ. ಬಿಸಿಯಾಗೇ ಇಟ್ಕೊಂಡೆ."

ಒಂಬತ್ತು ವರ್ಷ ಇಟ್ಟುಕೊಂಡಳು. ಬಳಿಕ ಒಂದು ಬೆಳಿಗ್ಗೆ, ವಯಸ್ಸಾದ ಹೆಂಗಸೊಬ್ಬಳು ಬಂದು ಮೇಜಿನ ಮೇಲೆ ಅದೇ ಪುಸ್ತಕ ಇಟ್ಟಳು. ಗಂಡ ನಿವೃತ್ತನಾದ ಮೇಲಿನ ಮೊದಲ ರಜೆ. ಜೊತೆಗೆ ಮಗಳು, ಅಳಿಯ, ಅತ್ತೆ.

"ಇದರಲ್ಲಿ ಯಾವುದು ನೋಡ್ಬೇಕು, ಯಾವುದು ಬಿಡ್ಬೇಕು, ನೀವೇ ಆರಿಸಿಕೊಡಿ. ನಮ್ಮೆಜಮಾನ್ರೇ ಬರೆದಿದ್ದು. ಆದ್ರೆ ಕೇಳಿದ್ರೆ ಬಾಯೇ ಬಿಡಲ್ಲ ನೋಡಿ."

"ಬರೆದವರೇ ಜೊತೆಗಿರುವಾಗ ನಾನ್ಯಾರಮ್ಮ ಆರಿಸೋಕೆ? ಪುಸ್ತಕದಲ್ಲಿರೋ ಹಾಗೇ ಐದೂ ದಿನ ಮಾಡ್ಕೊಡ್ತೀನಿ. ಒಂದಕ್ಷರ ಆಚೀಚೆ ಆಗಲ್ಲ."

ಅಷ್ಟರಲ್ಲಿ ಮ್ಯಾನೇಜರ್ ಬಾಗಿಲಲ್ಲಿ ಕಾಣಿಸಿಕೊಂಡ. ಆತನಿಗೆ ಆಕೆಯ ಗುರುತು ಹತ್ತಿತು. ಬೇಡವೆನ್ನಲು ಹೆಂಡತಿಯೆದುರು ಕಾರಣ ಹೇಳಬೇಕಿತ್ತು. "ಆಗ್ಲಿ," ಎಂದ.

ಮೊದಲ ದಿನ ಹತ್ತೂವರೆಗೆ ಗುಡ್ಡ ಹತ್ತಿದ ಕುಟುಂಬ, ಒಬ್ಬರ ಮುಖ ಒಬ್ಬರಿಗೆ ಕಾಣದ ಮೋಡದಲ್ಲಿ ನಿಂತು ಇಳಿಯಿತು. ಎರಡನೆಯ ದಿನ ಒಣ ಬಂಡೆಯೆದುರು ಬುತ್ತಿ ಬಿಚ್ಚಿತು. "ಮಾವ, ಜಲಪಾತ ಎಲ್ಲಿ, ಮುಂದಿನ ಪುಟದಲ್ಲಾ?" ಎಂದನಂತೆ ಅಳಿಯ. ಚಾಲಕ ಇದನ್ನು ಫೋನಿನಲ್ಲಿ ತಿಳಿಸಿದಾಗ ಗಡಿಯಾರದಕ್ಕ ಇನ್ನೊಮ್ಮೆ ಹೇಳಿಸಿ ಕೇಳಿದಳು.

ಮ್ಯಾನೇಜರ್ ಸರಿಯಾದ ಹೊತ್ತುಗಳನ್ನು ಬಂದರಿನಲ್ಲೆಲ್ಲ ವಿಚಾರಿಸಿದ. ಎಲ್ಲರೂ, ಅಕ್ಕನ್ನ ಕೇಳಿ ಎಂದರು. ಸಂಜೆ ಫೋನ್ ಬಂತು.

"ನೋಡಮ್ಮಾ, ಆಗಿದ್ದು ಆಗಿಹೋಯ್ತು. ನಾಳೆ ಮರಳುದಿಬ್ಬ. ಅಮ್ಮನಿಗೆ ಎಂಬತ್ತು ವರ್ಷ. ಸರಿಯಾದ ಹೊತ್ತು ಹೇಳಿಬಿಡು."

"ಹೇಳ್ತೀನಿ ಸಾರ್. ಮನೆಯವರೆಲ್ಲ ಪಕ್ಕದಲ್ಲಿದ್ದಾರಾ?"

"ಕಾಫಿಗೆ ಕೂತಿದ್ದೀವಿ."

"ಹಾಗಾದ್ರೆ ಸ್ಪೀಕರ್ ಹಾಕಿ. ಆ ಪುಸ್ತಕ ಯಾರದ್ದು ಅಂತ ನೀವು ಹೇಳಿ, ಹೊತ್ತು ನಾನು ಹೇಳ್ತೀನಿ."

ಸ್ಪೀಕರಿನಲ್ಲಿ ಲೋಟಗಳ ಸದ್ದು ಬಂತು. ಆಮೇಲೆ ಆತ ಏನೋ ಗೊಣಗಿದ.

"ಕೇಳಿಸ್ಲಿಲ್ಲ ಸಾರ್. ಇಲ್ಲಿ ಫ್ಯಾನ್ ಜೋರಾಗಿದೆ."

"ಇವರು ಬರೆದದ್ದು. ನಾನು ನನ್ನ ಹೆಸರು ಹಾಕ್ಕೊಂಡೆ."

"ಏನಂದ? ಏನಂದ ಅವ್ನು?" ಎಂದಿತು ಮುದಿ ದನಿ.

"ಅಪ್ಪ ಕದ್ದಿದ್ದಂತೆ, ಅಜ್ಜಿ," ಎಂದಳು ಮಗಳು.

"ನಾಳೆ ಆರೂಕಾಲಿಗೆ ಹೊರಡಿ," ಎಂದಳು ಗಡಿಯಾರದಕ್ಕ.

"ನಾಡಿದ್ದಿಗೆ?"

"ಅದಕ್ಕೆ ನಾಳೆ ಫೋನ್ ಮಾಡಿ ಸಾರ್. ಹೀಗೇ, ಎಲ್ಲರೂ ಕೂತಿರುವಾಗ."

ಮರುಸಂಜೆ ಆತ ಅದನ್ನೇ ಮತ್ತೆ ಹೇಳಿದ. ನಾಲ್ಕನೆಯ ಸಂಜೆ ಫೋನ್ ಮಾಡಿದವಳು ಹೆಂಡತಿ.

"ಇವತ್ತು ಹೇಳಲ್ಲ ಅಂತ ಕೂತಿದ್ದಾರೆ. ಎದುರಿಗೇ ಇಟ್ಟಿದ್ದೀನಿ ಫೋನ್. ನೀವು ಮಾತ್ರ ಸಡಿಲ ಬಿಡ್ಬೇಡಿ."

ಗಡಿಯಾರದಕ್ಕ ಸ್ಟೂಲು ಎಳೆದುಕೊಂಡು ಕೂತಳು. ಆ ಕಡೆಯಿಂದ ಮಗಳ ದನಿ ಕೇಳಿಸುತ್ತಿತ್ತು: "ತಡಿ ಅಜ್ಜಿ, ಈಗ ಹೇಳ್ತಾರೆ."